ಒಂದು ಲ್ಯಾಬ್‌ನಲ್ಲಿ ನೆಗೆಟಿವ್, ಇನ್ನೊಂದರಲ್ಲಿ ಪಾಸಿಟಿವ್: ಯಾವುದನ್ನು ನಂಬುವುದು?

ಜ್ವರ ಶುರುವಾದ ದಿನ ಮಾಡಿಸಿದ ಕೋವಿಡ್ ಆರ್‌ಟಿ-ಪಿಸಿಆರ್ ನೆಗೆಟಿವ್, ಎರಡು ದಿನ ಬಿಟ್ಟು ಬೇರೆ ಲ್ಯಾಬ್‌ನಲ್ಲಿ ಪಾಸಿಟಿವ್, ಸಿಟಿ 35 (ವೈರಸ್ ಗುರುತು ಕಾಣುವವರೆಗೆ ಪಿಸಿಆರ್ ಮೆಷಿನ್ ಓಡಿದ ಸುತ್ತುಗಳ ಸಂಖ್ಯೆ; ಇದು ಹೆಚ್ಚಿದಷ್ಟೂ ವೈರಸ್ ಕಡಿಮೆ). ತಪ್ಪು ಯಾರದು ಅಂತ ಕೇಳಿದ್ದೀರಿ. ಯಾರದೂ ಇಲ್ಲದಿರಬಹುದು. ಮೆಷಿನ್ ನೋಡುವುದು ಟ್ಯೂಬಿಗೆ ಬಿದ್ದ ಕೆಲವೇ ಮೈಕ್ರೋಲೀಟರ್ ದ್ರವವನ್ನು, ನಿಮ್ಮನ್ನಲ್ಲ.

ಲೆಕ್ಕ ಹಾಕಿ ನೋಡಿ. ಕಿಟ್‌ನಿಂದ ಕಿಟ್‌ಗೆ ಅಳತೆ ಬೇರೆ, ಆದರೆ ಸಾಮಾನ್ಯವಾಗಿ ವಿಟಿಎಂನಿಂದ (ಸ್ವಾಬ್ ಅದ್ದಿಟ್ಟು ಕಳಿಸುವ ದ್ರವ) 200 ಮೈಕ್ರೋಲೀಟರ್ ತೆಗೆದು, ಅದರ ಆರ್‌ಎನ್‌ಎಯನ್ನು (ವೈರಸ್‌ನ ಆನುವಂಶಿಕ ವಸ್ತು) 50 ಮೈಕ್ರೋಲೀಟರ್‌ಗೆ ಇಳಿಸಿ, ಅದರಲ್ಲಿ 5 ಮಾತ್ರ ಪಿಸಿಆರ್‌ಗೆ ಹಾಕುತ್ತಾರೆ. ಸ್ಯಾಂಪಲ್‌ನಲ್ಲಿ ಮಿಲಿಲೀಟರ್‌ಗೆ 100 ವೈರಸ್ ಪ್ರತಿಗಳಿದ್ದರೆ 200 ಮೈಕ್ರೋಲೀಟರ್‌ನಲ್ಲಿ 20. ಒಂದೂ ನಷ್ಟವಾಗದಿದ್ದರೂ ಕೊನೆಗೆ ಟ್ಯೂಬಿಗೆ ಬರುವುದು ಸರಾಸರಿ 2. ಸರಾಸರಿ 2 ಇದ್ದಾಗ ನೂರಕ್ಕೆ 13–14 ಸಲ ಒಂದು ಪ್ರತಿಯೂ ಬೀಳುವುದಿಲ್ಲ. ಅಂದರೆ ಅದೇ ಸ್ಯಾಂಪಲ್ ಅನ್ನು ಅದೇ ಕೈ ಎರಡು ಸಲ ಓಡಿಸಿದರೂ ಒಮ್ಮೆ ನೆಗೆಟಿವ್, ಒಮ್ಮೆ ಪಾಸಿಟಿವ್ ಬರಬಹುದು.

ಆದರೆ ಸುಳ್ಳು ನೆಗೆಟಿವ್‌ಗೆ ದೊಡ್ಡ ಕಾರಣ ಸ್ವಾಬ್. ಮೂಗಿನ ಹಿಂಭಾಗದ ಸ್ವಾಬ್ ಅನ್ನು ಮೇಲಕ್ಕೆ ಚುಚ್ಚದೆ ಅಂಗುಳಿಗೆ ಸಮಾನಾಂತರವಾಗಿ ನೇರ ಹಿಂದಕ್ಕೆ ಒಯ್ಯಬೇಕು. ತಡೆ ಸಿಕ್ಕ ಮೇಲೆ ಕೆಲವು ಸೆಕೆಂಡ್ ಅಲ್ಲೇ ಹಿಡಿದು ತಿರುಗಿಸಬೇಕು. ಮರದ ಕಡ್ಡಿ, ಕ್ಯಾಲ್ಸಿಯಂ ಆಲ್ಜಿನೇಟ್ ತುದಿ ಬಳಸಬಾರದು, ಪಿಸಿಆರ್ ಕ್ರಿಯೆಯನ್ನೇ ತಡೆಯಬಹುದು. ಸ್ವಾಬ್ ಸರಿ ಬಂದಿದೆಯೇ ಎಂದು ನೋಡಲು ಹಲವು ಕಿಟ್‌ಗಳಲ್ಲಿ ಆರ್‌ಎನೇಸ್ ಪಿ ಎಂಬ ಮನುಷ್ಯ ಜೀನ್ ಹುಡುಕುವ ಕಂಟ್ರೋಲ್ ಇರುತ್ತದೆ. ಅದೂ ಬರದಿದ್ದರೆ, ವೈರಸ್ ಜೀನ್‌ಗಳೂ ಇಲ್ಲದಿದ್ದರೆ, ರಿಪೋರ್ಟ್ 'ಇನ್‌ವ್ಯಾಲಿಡ್' ಆಗಬೇಕೇ ಹೊರತು ನೆಗೆಟಿವ್ ಅಲ್ಲ. ಆದರೆ ಈ ಕಂಟ್ರೋಲ್‌ಗೂ ಮಿತಿಯಿದೆ: ಮೂಗಿನ ತುದಿ ಸವರಿದರೂ ಮನುಷ್ಯ ಕೋಶ ಸಿಗುತ್ತದೆ, ಅದು ಪಾಸ್ ಆಗುತ್ತದೆ. ಜೊತೆಗೆ ಸಾಗಾಟ: 2–8 ಡಿಗ್ರಿಯಲ್ಲಿ 72 ಗಂಟೆ, ಅದಕ್ಕಿಂತ ತಡವಾಗುವುದಿದ್ದರೆ ಮೈನಸ್ 70. ಸೋಂಕು ಶ್ವಾಸಕೋಶಕ್ಕೆ ಇಳಿದಿದ್ದರೆ ಮೂಗಿನ ಸ್ವಾಬ್ ನೆಗೆಟಿವ್ ಬಂದು ಕಫ ಪಾಸಿಟಿವ್ ಬರುವುದೂ ಉಂಟು.

ಸುಳ್ಳು ಪಾಸಿಟಿವ್ ಅಪರೂಪ, ಆದರೆ ಬಂದರೆ ಹೆಚ್ಚಾಗಿ ಕಲಬೆರಕೆಯಿಂದಲೇ. ಪಿಸಿಆರ್ ಪ್ಲೇಟ್‌ನಲ್ಲಿ ಸಿಟಿ 14ರ ಬಾವಿಯ (ಸ್ಯಾಂಪಲ್ ಹಾಕುವ ಪುಟ್ಟ ಗುಳಿ) ಪಕ್ಕದಲ್ಲೇ ಸಿಟಿ 35 ಇದ್ದರೆ ನಾನು ರಿಪೋರ್ಟ್‌ಗೆ ಸಹಿ ಹಾಕುವ ಮುನ್ನ ಪ್ಲೇಟ್ ನಕ್ಷೆ ತೆಗೆದು ನೋಡುತ್ತೇನೆ. ಎನ್‌ಟಿಸಿ (ಸ್ಯಾಂಪಲ್ ಹಾಕದೆ ಓಡಿಸುವ ಬಾವಿ) ಚೊಕ್ಕವಾಗಿದೆ ಅನ್ನುವುದು ಇಲ್ಲಿ ಸಾಲದು. ರಿಯೇಜೆಂಟ್‌ಗೇ (ಪರೀಕ್ಷೆಯ ರಾಸಾಯನಿಕ) ಕಲಬೆರಕೆ ಆಗಿದ್ದರೆ ಅದು ಹೇಳುತ್ತದೆ, ಪಕ್ಕಕ್ಕೆ ಸಿಡಿದ ಒಂದು ಹನಿಯ ವಿಷಯ ಅದಕ್ಕೆ ಗೊತ್ತಾಗುವುದಿಲ್ಲ. ಮರುಪರೀಕ್ಷೆಯನ್ನೂ ಮೂಲ ವಿಟಿಎಂನಿಂದ ಹೊಸದಾಗಿ ಆರ್‌ಎನ್‌ಎ ತೆಗೆದು ಮಾಡಬೇಕು. ಎಕ್ಸ್‌ಟ್ರ್ಯಾಕ್ಷನ್‌ನಲ್ಲೇ (ಆರ್‌ಎನ್‌ಎ ತೆಗೆಯುವಾಗ) ಹನಿ ಬೆರೆತಿದ್ದರೆ ಹಳೆಯ ಆರ್‌ಎನ್‌ಎ ಎಷ್ಟು ಸಲ ಓಡಿಸಿದರೂ ಪಾಸಿಟಿವೇ. ಗ್ರಾಫನ್ನೂ ಕಣ್ಣಾರೆ ನೋಡಬೇಕು: ನಿಜವಾದ ಪಾಸಿಟಿವ್ ಎಸ್ ಆಕಾರದಲ್ಲಿ ಏರುತ್ತದೆ. ಓರೆಯಾಗಿ ತೆವಳಿ ಥ್ರೆಶೋಲ್ಡ್ (ಪಾಸಿಟಿವ್ ಎಂದು ಎಣಿಸುವ ಗಡಿ) ದಾಟಿದ ಗೆರೆಗೂ ಸಾಫ್ಟ್‌ವೇರ್ ಒಂದು ಸಿಟಿ ಕೊಟ್ಟುಬಿಡುತ್ತದೆ.

ಸಿಟಿ 3.3 ಹೆಚ್ಚಾದರೆ ವೈರಸ್ ಆರ್‌ಎನ್‌ಎ ಸುಮಾರು ಹತ್ತು ಪಟ್ಟು ಕಡಿಮೆ. ಇದು ಒಂದೇ ಕಿಟ್‌ನ ಒಳಗಿನ ಮಾತು. ಬೇರೆ ಲ್ಯಾಬ್‌ನ ಸಂಖ್ಯೆ ಜೊತೆ ಹೋಲಿಸಬೇಡಿ.

ಇನ್ನು ನಿಮ್ಮ ರಿಪೋರ್ಟ್. ಜ್ವರದ ಮೊದಲ ದಿನಗಳಲ್ಲಿ ಸಾಮಾನ್ಯವಾಗಿ ವೈರಸ್ ಹೆಚ್ಚೇ ಇರುತ್ತದೆ, ಹಾಗಾಗಿ 35 ತುಸು ಅನುಮಾನದ ಸಂಖ್ಯೆ. ಸ್ವಾಬ್ ಸರಿಯಾಗಿ ಬರದಿರಬಹುದು; ಕೆಲವು ವಾರಗಳ ಹಿಂದಿನ ಸೋಂಕಿನ ಆರ್‌ಎನ್‌ಎ ಉಳಿದಿದ್ದು, ಈಗಿನ ಜ್ವರ ಫ್ಲೂ ಅಥವಾ ಇನ್ನೊಂದು ವೈರಸ್‌ನದಾಗಿರಬಹುದು; ಕಲಬೆರಕೆಯೂ ಆಗಿರಬಹುದು. ಎರಡನೇ ಲ್ಯಾಬ್‌ಗೆ ಫೋನ್ ಮಾಡಿ ಎರಡೇ ಪ್ರಶ್ನೆ ಕೇಳಿ: ಎಷ್ಟು ವೈರಸ್ ಜೀನ್‌ಗಳು ಪಾಸಿಟಿವ್ (ಕಿಟ್‌ಗಳು ಸಾಮಾನ್ಯವಾಗಿ ಎರಡು ಅಥವಾ ಹೆಚ್ಚು ಜೀನ್ ಹುಡುಕುತ್ತವೆ), ಮೂಲ ಸ್ಯಾಂಪಲ್‌ನಿಂದ ಮರುಪರೀಕ್ಷೆ ಆಗಿದೆಯೇ? ಎರಡು ಜೀನ್‌ಗಳೂ ಬಂದಿದ್ದರೆ ಪಾಸಿಟಿವ್ ಎಂದೇ ನಡೆದುಕೊಳ್ಳಿ. ಒಂದೇ ಬಂದಿದ್ದರೆ 24–48 ಗಂಟೆಯೊಳಗೆ ಹೊಸ ಸ್ವಾಬ್ ಕೊಡಿ, ಫ್ಲೂ ಕೂಡ ಸೇರಿದ ಪ್ಯಾನೆಲ್ ಮಾಡಿಸಿ, ಅಲ್ಲಿಯವರೆಗೆ ಮಾಸ್ಕ್ ಹಾಕಿಕೊಂಡು ಬೇರೆ ಕೋಣೆಯಲ್ಲಿರಿ. ಉಸಿರಾಟ ಕಷ್ಟವಾದರೆ ರಿಪೋರ್ಟ್‌ಗೆ ಕಾಯದೆ ಡಾಕ್ಟರ್ ಹತ್ತಿರ ಹೋಗಿ.