ಆದೇಶದ ಕಡೆಯ ಪುಟ ಮೊದಲು ಓದಿ

ಗದಗದ ಓದುಗರೊಬ್ಬರ ಪತ್ರ: ‘ಪತ್ರಿಕೋದ್ಯಮ ಎಂ.ಎ. ಮುಗಿಯುತ್ತ ಬಂತು. ಕೋರ್ಟ್ ವರದಿಗಾರನಾಗುವ ಆಸೆ. ಎಲ್‌ಎಲ್‌ಬಿ ಬೇಕೇ ಬೇಕೆ? ಬೆಂಗಳೂರಿಗೇ ಹೋಗಬೇಕೆ?’

ಸಂಪಾದಕರ ಉತ್ತರ:

ಎರಡೂ ಬೇಕಿಲ್ಲ. ಮಾನ್ಯತೆ ಪಡೆಯುವ ವರದಿಗಾರರಿಗೆ ಕಾನೂನು ಪದವಿ ಇರಬೇಕೆಂಬ ಷರತ್ತನ್ನು ಸುಪ್ರೀಂ ಕೋರ್ಟೇ 2024ರಲ್ಲಿ ಕೈಬಿಟ್ಟಿದೆ. ಇನ್ನು ಬೆಂಗಳೂರಿನ ಮಾತು. 2008ರಲ್ಲಿ ಸಂಚಾರಿಯಾಗಿ ಬಂದ ಹೈಕೋರ್ಟ್ ಪೀಠ 2013ರಿಂದ ಧಾರವಾಡದಲ್ಲಿ ಕಾಯಂ ಆಗಿದೆ. ನಿಮ್ಮ ಜಿಲ್ಲೆಯ ಮೇಲ್ಮನವಿಗಳು ಹೋಗುವುದೂ ಅಲ್ಲಿಗೇ. ಆದರೂ ಮೊದಲ ವರ್ಷ ಗದಗದ ಜಿಲ್ಲಾ ನ್ಯಾಯಾಲಯದಲ್ಲೇ ಕೂಡ್ರಿ. ಹೈಕೋರ್ಟಿನಲ್ಲಿ ಕಾಣುವುದು ಹೆಚ್ಚಾಗಿ ಕಡತ ಮತ್ತು ವಾದ. ಸಾಕ್ಷಿ ತಡವರಿಸುವುದು, ಪಾಟೀಸವಾಲು, ಪಂಚನಾಮೆಯ ಸಾಕ್ಷಿದಾರ ತಿರುಗಿ ಬೀಳುವುದು, ಇವೆಲ್ಲ ಕೆಳಗಿನ ಕೋರ್ಟಿನ ಸಂಗತಿ.

ಹಿಂದಿನ ಸಂಜೆಯೇ ಇ-ಕೋರ್ಟ್ಸ್ ತಾಣದಲ್ಲಿ ಮರುದಿನದ ಪ್ರಕರಣಗಳ ಪಟ್ಟಿ ನೋಡಿ, ಬೇಕಾದ ಪ್ರಕರಣದ ಸಿಎನ್‌ಆರ್ ಸಂಖ್ಯೆ, ಅಂದರೆ ಆ ಪ್ರಕರಣಕ್ಕಷ್ಟೇ ಸೇರಿದ 16 ಅಕ್ಷರ-ಅಂಕಿಗಳ ಗುರುತು, ಬರೆದಿಟ್ಟುಕೊಳ್ಳಿ. ಮುಂದಿನ ದಿನಾಂಕ ಅದರಿಂದಲೇ ಸಿಗುತ್ತದೆ. ವಕೀಲರನ್ನು ಪದೇಪದೇ ಕಾಡುವುದು ತಪ್ಪುತ್ತದೆ.

ಹೊಸಬರು ಮುಗ್ಗರಿಸುವುದು ಪದಗಳಲ್ಲಿ. ದೋಷಾರೋಪ ಪಟ್ಟಿ ಸಲ್ಲಿಸುವವರು ಪೊಲೀಸರು. ದೋಷಾರೋಪ ನಿಗದಿ ಮಾಡುವುದು ನ್ಯಾಯಾಲಯ. ಜಾಮೀನಿನ ಮೇಲೆ ಹೊರಬಂದವನು ಖುಲಾಸೆಯಾದವನಲ್ಲ. ತಡೆಯಾಜ್ಞೆ ಸಿಕ್ಕರೆ ತೀರ್ಪು ರದ್ದಾದಂತೆ ಅಲ್ಲ. ‘ಗೆಲುವು’ ಎಂಬ ಶೀರ್ಷಿಕೆ ಕೊಟ್ಟವರು ಮರುದಿನ ತಿದ್ದುಪಡಿ ಹಾಕಬೇಕಾಗುತ್ತದೆ. ಎಲ್ಲಕ್ಕಿಂತ ದೊಡ್ಡ ಎಡವಟ್ಟು, ನ್ಯಾಯಾಧೀಶರು ವಿಚಾರಣೆಯ ನಡುವೆ ವಕೀಲರಿಗೆ ಕೇಳಿದ ಖಾರದ ಪ್ರಶ್ನೆಯನ್ನು ‘ಆದೇಶ’ ಎಂದು ಬರೆಯುವುದು. ಆದೇಶದ ಪ್ರತಿ ಕೈಗೆ ಬಂದ ಮೇಲೆ ತೀರ್ಮಾನ ಇರುವ ಕಡೆಯ ಪುಟ ಮೊದಲು ಓದಿ, ಆಮೇಲೆ ಕಾರಣಗಳಿಗೆ ಬನ್ನಿ. ನಡುವಿನ ಪುಟಗಳಲ್ಲಿ ಎರಡೂ ಕಡೆಯ ವಾದ ಇರುತ್ತದೆ. ಅದನ್ನು ನ್ಯಾಯಾಲಯದ ಬಾಯಿಗೆ ಹಾಕಬೇಡಿ.

ಕಲಂಗಳ ವಿಷಯದಲ್ಲೂ ಹುಷಾರು. ಹಳೆಯ ದಂಡ ಕಾಯ್ದೆಯಾದ ಐಪಿಸಿಯ ಬದಲಿಗೆ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದದ್ದು 2024ರ ಜುಲೈ 1ರಂದು. ಅದಕ್ಕಿಂತ ಹಿಂದಿನ ಕೊಲೆಗೆ ಈಗಲೂ ಐಪಿಸಿ 302, ಆಮೇಲಿನದಕ್ಕೆ ಸಂಹಿತೆಯ 103. ಒಂದೇ ದಿನ ಎರಡೂ ನಿಮ್ಮ ಮುಂದೆ ಬರಬಹುದು.

ನ್ಯಾಯಯುತವಾದ, ನಿಖರವಾದ ವರದಿಗೆ 1971ರ ನ್ಯಾಯಾಂಗ ನಿಂದನೆ ಕಾಯ್ದೆಯ 4ನೇ ಕಲಂ ರಕ್ಷಣೆ ಕೊಡುತ್ತದೆ. ಅತ್ಯಾಚಾರ ಸಂತ್ರಸ್ತೆಯ ಗುರುತು ಬಯಲು ಮಾಡಿದರೆ ಮಾತ್ರ ಸಂಹಿತೆಯ 72ನೇ ಕಲಂ ಪ್ರಕಾರ 2 ವರ್ಷದವರೆಗೆ ಜೈಲು. ಹೆಸರು ಬಿಟ್ಟರೆ ಸಾಕೆಂದುಕೊಳ್ಳಬೇಡಿ. ರೋಣದ ಕಡೆಯ ಸಣ್ಣ ಹಳ್ಳಿಯಾದರೆ ಓಣಿ, ಶಾಲೆ, ತಂದೆಯ ಕಸುಬು, ಇಷ್ಟೇ ಬರೆದರೂ ಊರಿಗೆಲ್ಲ ಗೊತ್ತಾಗುತ್ತದೆ. ಆರೋಪಿ ಹತ್ತಿರದ ಸಂಬಂಧಿಯಾಗಿದ್ದರೆ ಅವನ ಹೆಸರನ್ನೂ ಬಿಡಬೇಕು.