ಆಸ್ಕೋಫಿಲಮ್ ವಯಸ್ಸು ಗುಳ್ಳೆ ಎಣಿಸಿ ನೋಡಿ

ಟೊಮೆಟೊಗೆ ಹೊಡೆಯುವ ಬಾಟಲಿ ಮೇಲೆ ‘ಆಸ್ಕೋಫಿಲಮ್’ ಅಂತ ಇದೆ, ಈ ಕಡಲಪಾಚಿ ರಾಗಿ ಥರ ಒಂದೇ ವರ್ಷದ ಬೆಳೆಯಾ ಅಂತ ಕೇಳಿದ್ದೀರಿ. ಅಲ್ಲ ಸರ್. ನಿಮ್ಮ ಶ್ರೀನಿವಾಸಪುರದ ಮಾವಿನ ಮರದ ಹಾಗೆ ವರ್ಷಗಟ್ಟಲೆ ಬದುಕುತ್ತದೆ. ಚಿಂತಾಮಣಿಯಲ್ಲಿ ನಾನೂ ಇದನ್ನೇ ಹೊಡೆಯುವುದು. ಮುಚ್ಚಳ ತೆಗೆದರೆ ಕಪ್ಪು ನೀರು, ಒಣಮೀನಿನ ವಾಸನೆ.

ಇದು ನಮ್ಮ ಕರಾವಳಿಯದ್ದಲ್ಲ. ನಾರ್ವೆ, ಐರ್ಲೆಂಡ್, ಕೆನಡಾ ಕಡೆಯ ತಣ್ಣನೆ ಕಡಲಂಚಿನ ಬಂಡೆಗಳದ್ದು. ಬೇರಿಲ್ಲ, ಬುಡ ಬಂಡೆಗೆ ಕಚ್ಚಿಕೊಂಡಿರುತ್ತದೆ ಅಷ್ಟೆ. ತುದಿಯಲ್ಲಿ ಬೆಳೆಯುತ್ತದೆ. ಚಳಿಗಾಲದಲ್ಲಿ ನಿಧಾನ, ಆಮೇಲೆ ಜೋರು. ಕವಲಿಗೆ ಕೆಲವು ವರ್ಷ ತುಂಬಿದ ಮೇಲೆ ವರ್ಷಕ್ಕೊಂದು ಗಾಳಿಗುಳ್ಳೆ ಮೂಡುತ್ತದೆ, ನೇರಳೆ ಹಣ್ಣಿನ ಆಕಾರ. ಸಾಲಾಗಿ 6 ಗುಳ್ಳೆ ಇದ್ದರೆ ವಯಸ್ಸು 6ಕ್ಕಿಂತ ಜಾಸ್ತಿ ಅಂತ ಲೆಕ್ಕ. ಎಷ್ಟು ಚೆಂದ ಅಲ್ವಾ! ನೀರು ಏರಿದಾಗ ಈ ಗುಳ್ಳೆಗಳೇ ಅದನ್ನು ಬೆಳಕಿನತ್ತ ಎತ್ತಿ ನಿಲ್ಲಿಸುತ್ತವೆ.

ಗಂಡು, ಹೆಣ್ಣು ಗಿಡ ಬೇರೆ ಬೇರೆ. ಪಕ್ಕದಲ್ಲಿ ಒಣದ್ರಾಕ್ಷಿಯಂಥ ಹಳದಿ ಗಂಟು ಕಟ್ಟುತ್ತವೆ. ಏಪ್ರಿಲ್-ಮೇ ಹೊತ್ತಿಗೆ ಅಂಡ, ವೀರ್ಯಾಣು ನೀರಿಗೆ ಬಿಟ್ಟು ಅವು ಉದುರುತ್ತವೆ. ಹುಟ್ಟಿದ ಮರಿಗಿಡಗಳಲ್ಲಿ ಉಳಿಯುವುದು ತೀರಾ ಕಡಿಮೆ. ಅಲೆ ಕೊಚ್ಚುತ್ತದೆ, ಬಸವನಹುಳು ಮೇಯುತ್ತವೆ. ಅದಕ್ಕೇ ಕೊಯ್ಯುವವರು ಬುಡ ಮುಟ್ಟಬಾರದು. ಮೇಲಿನದಷ್ಟೇ ಕತ್ತರಿಸಿದರೆ ಉಳಿದ ಭಾಗದಿಂದಲೇ ಮತ್ತೆ ಚಿಗುರುತ್ತದೆ.