ತಿದ್ದುವ ಹೊತ್ತು ಬೇರೆ, ಹಾಡುವ ಹೊತ್ತು ಬೇರೆ: ಒಂದು ಆಪ್ತಸಲಹೆ ಪ್ರಕರಣ

(ಸಲಹಾರ್ಥಿಯ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಬರೆಯಲಾಗಿದೆ.)

ಸಲಹಾರ್ಥಿ ನಲವತ್ತರ ಆಸುಪಾಸಿನ ಮಹಿಳೆ. ಲೆಕ್ಕಪತ್ರ ವಿಭಾಗದಲ್ಲಿ ಹಿರಿಯ ಹುದ್ದೆಯಲ್ಲಿರುವ ಅವರಿಗೆ ಸಭೆಗಳಲ್ಲಿ ಎದ್ದುನಿಂತು ವರದಿ ಮಂಡಿಸುವುದು, ಒಪ್ಪದವರ ಪ್ರಶ್ನೆಗಳಿಗೆ ಅಲ್ಲಿಯೇ ಉತ್ತರ ಕೊಡುವುದು ಅಭ್ಯಾಸವಾಗಿಹೋಗಿತ್ತು. ಹಾಡುವ ವಿಷಯ ಬಂದಾಗ ಮಾತ್ರ ಅವರ ಸ್ಥಿತಿ ಬೇರೆಯಾಗುತ್ತಿತ್ತು. ಒಂಟಿಯಾಗಿದ್ದಾಗ ಗಂಟೆಗಟ್ಟಲೆ ಹಾಡಬಲ್ಲ ಅವರಿಗೆ ಪಕ್ಕದ ಕೋಣೆಯಲ್ಲಿ ಯಾರಾದರೂ ಓಡಾಡಿದ ಸದ್ದು ಕೇಳಿದರೂ ಸಾಕು, ಬಾಯಿ ಒಣಗಿ, ಎದೆ ಹೊಡೆದುಕೊಂಡು, ಸ್ವರ ನಡುಗತೊಡಗುತ್ತಿತ್ತು. ಹವ್ಯಾಸಿಗಳ ಒಂದು ಗಾಯನ ತಂಡಕ್ಕೆ ಸೇರಿ, ಒಬ್ಬರೇ ಹಾಡುವ ಸರದಿ ಬರುವ ವಾರ ತಲೆನೋವಿನ ನೆಪ ಹೇಳಿ ತಪ್ಪಿಸಿಕೊಂಡ ಮೇಲೆ ಅವರು ನನ್ನಲ್ಲಿಗೆ ಬಂದರು. "ಮೊದಲು ಈ ಭಯ ಹೋಗಲಿ, ಆಮೇಲೆ ಹಾಡಲು ಶುರು ಮಾಡುತ್ತೇನೆ" ಎಂಬುದು ಅವರು ಮುಂದಿಟ್ಟ ಬೇಡಿಕೆ.

ಇದರ ಹಿಂದಿನ ಘಟನೆಯನ್ನು ಅವರೇ ಹೇಳಿದರು. ಕೆಲವು ವರ್ಷಗಳ ಹಿಂದೆ ಬಂಧುಗಳ ಕೂಟವೊಂದರಲ್ಲಿ ಅವರು ಹಾಡಿದ್ದನ್ನು ಯಾರೋ ಮೊಬೈಲಿನಲ್ಲಿ ದಾಖಲಿಸಿಕೊಂಡು, ಸ್ವಲ್ಪ ಹೊತ್ತಿನ ನಂತರ ಎಲ್ಲರ ಎದುರು ಕೇಳಿಸಿದರಂತೆ. ಎತ್ತರದ ಸಾಲಿನಲ್ಲಿ ಸ್ವರ ಒಡೆದದ್ದಕ್ಕೆ ಒಂದಿಬ್ಬರು ನಕ್ಕರು. ನಗುವಿಗಿಂತ ತಮ್ಮನ್ನು ಹೆಚ್ಚು ಕಂಗೆಡಿಸಿದ್ದು ಆ ಧ್ವನಿಯೇ ಎಂದು ಅವರು ಹೇಳಿದ್ದು ನನ್ನ ಗಮನ ಸೆಳೆಯಿತು: "ಇಷ್ಟು ದಿನ ಎಲ್ಲರೂ ಕೇಳಿಸಿಕೊಂಡದ್ದು ಇದನ್ನೇ ಅಂತ ಗೊತ್ತಾಯಿತು."

ಇಲ್ಲಿ ಸ್ವಲ್ಪ ಶರೀರಶಾಸ್ತ್ರ ಹೇಳಬೇಕಾಯಿತು. ನಾವು ಹಾಡುವಾಗ ನಮ್ಮ ಧ್ವನಿ ಗಾಳಿಯ ಮೂಲಕವಷ್ಟೇ ಅಲ್ಲದೆ ತಲೆಬುರುಡೆಯ ಮೂಳೆಗಳ ಮೂಲಕವೂ ಒಳಗಿವಿಯನ್ನು ತಲುಪುತ್ತದೆ, ಮತ್ತು ಮೂಳೆಯ ದಾರಿಯಲ್ಲಿ ಬರುವ ಧ್ವನಿಯಲ್ಲಿ ತಗ್ಗಿನ ಸ್ವರದ ಕಂಪನಗಳ ಪಾಲು ಹೆಚ್ಚಾಗಿರುವುದರಿಂದ ನಮ್ಮ ದನಿ ನಮಗೆ ತುಂಬಿದಂತೆ ಕೇಳಿಸುತ್ತದೆ. ಧ್ವನಿಮುದ್ರಣದಲ್ಲಿ ಆ ದಾರಿ ಇರುವುದಿಲ್ಲ. ಹಾಗಾಗಿ ದನಿ ತೆಳುವಾಗಿ, ಪರಕೀಯವಾಗಿ ಕೇಳುತ್ತದೆ. ಈ ಕಸಿವಿಸಿ ಬಹುತೇಕ ಎಲ್ಲರಿಗೂ ಆಗುವಂಥದ್ದು; ಅದರಿಂದ ಹಾಡುಗಾರಿಕೆಯ ಗುಣಮಟ್ಟದ ಬಗ್ಗೆ ಏನೂ ತಿಳಿಯುವುದಿಲ್ಲ. ಆಕೆ ಮಾತ್ರ ಆ ಅಪರಿಚಿತತೆಯನ್ನೇ ಅಪಸ್ವರವೆಂದು ಎಣಿಸಿದ್ದರು.

ತಮಗೆ ಸ್ವರಜ್ಞಾನವೇ ಇಲ್ಲವೇನೋ ಎಂಬ ಸಂಶಯವೂ ಅವರಿಗಿತ್ತು. ಸ್ವರಗಳ ಏರಿಳಿತವನ್ನು ಗುರುತಿಸಲಾಗದ ಜನ್ಮಜಾತ ಸ್ಥಿತಿಯೊಂದು ಇರುವುದು ನಿಜ, ಆದರೆ ಅದು ಬಹಳ ಕಡಿಮೆ ಜನರಲ್ಲಿ ಕಾಣುವಂಥದ್ದು. ಶ್ರುತಿ ತಪ್ಪಿ ಹಾಡುವವರಲ್ಲಿ ಹೆಚ್ಚಿನವರಿಗೆ ಕಿವಿ ಸರಿಯಾಗಿಯೇ ಇರುತ್ತದೆ. ಕೇಳಿಸಿದ ಸ್ವರಕ್ಕೆ ಗಂಟಲನ್ನು ಹೊಂದಿಸುವ ಅಭ್ಯಾಸ ಸಾಲದಾಗಿರುತ್ತದೆ. ತಂಡದಲ್ಲಿ ಬೇರೆಯವರು ಎಲ್ಲಿ ತಪ್ಪಿದರೆಂಬುದನ್ನು ಆಕೆ ಕರಾರುವಾಕ್ಕಾಗಿ ಹೇಳಬಲ್ಲವರಾಗಿದ್ದರಿಂದ ಈ ಸಂಶಯವನ್ನು ಹೆಚ್ಚು ಬೆಳೆಸುವ ಅಗತ್ಯ ಬೀಳಲಿಲ್ಲ. ದನಿ ಗೊಗ್ಗರಾಗುವುದು, ಹಾಡಿದಾಗ ನೋಯುವುದು ಇವೆಯೇ ಎಂದೂ ವಿಚಾರಿಸಿದೆ, ಇರಲಿಲ್ಲ. ಗೊಗ್ಗರು ಮೂರು ವಾರ ಮೀರಿದರೆ ಅದು ಆಪ್ತಸಲಹೆಯ ವಿಷಯವಲ್ಲ, ಕಿವಿ-ಮೂಗು-ಗಂಟಲು ತಜ್ಞರನ್ನು ಕಾಣಬೇಕಾದ ವಿಷಯ.

ಪ್ರದರ್ಶನದ ಸಂದರ್ಭಕ್ಕೆ ಮಾತ್ರ ಸೀಮಿತವಾದ ಸಾಮಾಜಿಕ ಆತಂಕವನ್ನು ಅಮೆರಿಕದ ಮನೋವೈದ್ಯಕೀಯ ಸಂಘವು 2013ರಲ್ಲಿ ಹೊರತಂದ ರೋಗನಿರ್ಣಯ ಕೈಪಿಡಿಯ ಐದನೆಯ ಆವೃತ್ತಿ ಪ್ರತ್ಯೇಕವಾಗಿಯೇ ಗುರುತಿಸುತ್ತದೆ. ಸಲಹಾರ್ಥಿಯ ಸ್ಥಿತಿ ಅದಕ್ಕೆ ಹತ್ತಿರವಾಗಿತ್ತಾದರೂ, ಉದ್ಯೋಗಕ್ಕಾಗಲಿ ಸಂಸಾರಕ್ಕಾಗಲಿ ಅದರಿಂದ ತೊಡಕಾಗದಿದ್ದುದರಿಂದ ರೋಗದ ಹೆಸರು ಹಚ್ಚಲು ನಾನು ಮುಂದಾಗಲಿಲ್ಲ. ಹವ್ಯಾಸಿ ಗಾಯಕರಿಗೆ ಇಂಥ ಹೆಸರು ಸಿಕ್ಕಾಗ ಅವರು ಅದನ್ನು ಹಾಡದಿರುವುದಕ್ಕೆ ಮತ್ತೊಂದು ಕಾರಣವಾಗಿ ಬಳಸಿಕೊಳ್ಳುವುದನ್ನು ನಾನು ನೋಡಿದ್ದೇನೆ.

ಕೂಟದ ಘಟನೆಯನ್ನು ಮತ್ತೆ ಮತ್ತೆ ಕೆದಕುವುದರಲ್ಲಿಯೂ ನನಗೆ ಆಸಕ್ತಿ ಇರಲಿಲ್ಲ. ಭಯ ಎಲ್ಲಿ ಹುಟ್ಟಿತು ಎಂಬುದಕ್ಕಿಂತ ಇಂದು ಅದಕ್ಕೆ ನೀರೆರೆಯುತ್ತಿರುವುದು ಯಾವುದು ಎಂಬುದು ಮುಖ್ಯವಾಗಿತ್ತು. ಸಾಮಾಜಿಕ ಆತಂಕದ ಬಗ್ಗೆ ಮನೋವಿಜ್ಞಾನಿಗಳಾದ ಡೇವಿಡ್ ಕ್ಲಾರ್ಕ್ ಮತ್ತು ಏಡ್ರಿಯನ್ ವೆಲ್ಸ್ 1995ರಲ್ಲಿ ಮಂಡಿಸಿದ ವಿವರಣೆ ಇಲ್ಲಿ ಬಹಳ ಉಪಯುಕ್ತ. ಆತಂಕಕ್ಕೊಳಗಾದವರ ಗಮನ ಎದುರಿನ ಜನರನ್ನು ಬಿಟ್ಟು ತಮ್ಮ ಮೇಲೆಯೇ ತಿರುಗುತ್ತದೆ. ಒಳಗೆ ಆಗುತ್ತಿರುವ ತಳಮಳವನ್ನೇ ಹೊರಗೆ ಕಾಣುತ್ತಿರುವ ಚಿತ್ರವೆಂದು ಅವರು ನಂಬುತ್ತಾರೆ. ಅನಾಹುತ ತಪ್ಪಿಸಲು ಕೆಲವು ಸುರಕ್ಷತಾ ವರ್ತನೆಗಳನ್ನು ರೂಢಿಸಿಕೊಳ್ಳುತ್ತಾರೆ. ಅನಾಹುತ ಆಗದಿದ್ದಾಗ ಅದರ ಶ್ರೇಯಸ್ಸು ಆ ವರ್ತನೆಗಳಿಗೇ ಹೋಗುವುದರಿಂದ ಭಯ ತಪ್ಪೆಂದು ತಿಳಿಯುವ ಅವಕಾಶವೇ ಬರುವುದಿಲ್ಲ.

ಆಕೆಯ ಸುರಕ್ಷತಾ ವರ್ತನೆಗಳನ್ನು ಇಬ್ಬರೂ ಕೂಡಿ ಗುರುತಿಸಿದೆವು: ತೀರಾ ಮೆಲ್ಲಗೆ ಹಾಡುವುದು, ಗದ್ದವನ್ನು ಎದೆಗೆ ಒತ್ತಿ ನಿಲ್ಲುವುದು, ಎತ್ತರದ ಸ್ವರ ಬರುವ ಮೊದಲೇ ನಗುತ್ತ ನಿಲ್ಲಿಸಿಬಿಡುವುದು, "ನನಗೆ ಹಾಡಲು ಬರುವುದಿಲ್ಲ, ಆದರೂ…" ಎಂದು ಪೀಠಿಕೆ ಹಾಕುವುದು. ಇವೆಲ್ಲಕ್ಕಿಂತ ದೊಡ್ಡದು, ಆಕೆ ಅದನ್ನು ವರ್ತನೆಯೆಂದೇ ಎಣಿಸದಿದ್ದದ್ದು, ಹಾಡುತ್ತಿರುವಾಗಲೇ ಪ್ರತಿ ಸ್ವರವನ್ನು ಪರೀಕ್ಷಿಸಿ ಅಲ್ಲಲ್ಲೇ ತಿದ್ದಲು ಹೋಗುವುದು. ಲೆಕ್ಕ ಪರಿಶೋಧನೆಯಲ್ಲಿ ಆಕೆಗೆ ಹೆಸರು ತಂದುಕೊಟ್ಟ ಗುಣವೇ ಹಾಡಿನಲ್ಲಿ ಎಡವಟ್ಟು ಮಾಡುತ್ತಿತ್ತು. ಸಾಲಿನ ಮೂರನೆಯ ಸ್ವರ ಸರಿಹೋಯಿತೇ ಎಂದು ನೋಡುತ್ತಿರುವಾಗ ಐದನೆಯ ಸ್ವರಕ್ಕೆ ಬೇಕಾದ ಉಸಿರನ್ನು ಯಾರೂ ಸಿದ್ಧಪಡಿಸುತ್ತಿರಲಿಲ್ಲ.

ಈ ವರ್ತನೆಗಳಲ್ಲಿ ಹಲವು ಧ್ವನಿಯನ್ನು ನೇರವಾಗಿ ಕೆಡಿಸುತ್ತವೆ ಎಂಬುದು ಆಕೆಗೆ ಹೊಸ ವಿಚಾರವಾಗಿತ್ತು. ಅಂಜಿ ಮೆಲ್ಲಗೆ ಹಾಡಿದಾಗ ಧ್ವನಿತಂತುಗಳ ಕೆಳಗಿನ ಗಾಳಿಯ ಒತ್ತಡ ಕುಗ್ಗಿ ಸ್ವರ ಶ್ರುತಿಗಿಂತ ಕೆಳಗಿಳಿಯುವ ಸಂಭವ ಹೆಚ್ಚು. ಗದ್ದ ಒತ್ತಿದರೆ ಧ್ವನಿಪೆಟ್ಟಿಗೆಯ ಸುತ್ತಲಿನ ಸ್ನಾಯುಗಳು ಬಿಗಿಯುತ್ತವೆ. ಇದರ ಮೇಲೆ ಆತಂಕದಲ್ಲಿ ಸ್ರವಿಸುವ ಅಡ್ರಿನಲಿನ್ ಹಾರ್ಮೋನು ಉಸಿರನ್ನು ಎದೆಯ ಮೇಲ್ಭಾಗಕ್ಕೆ ತಂದು, ಜೊಲ್ಲನ್ನು ಆರಿಸಿ, ನಡುಕ ತರುತ್ತದೆ. ವೀಣೆ ನುಡಿಸುವವರ ಹೃದಯ ಬಡಿದುಕೊಂಡರೂ ತಂತಿ ತನ್ನಷ್ಟಕ್ಕೆ ತಾನು ಬಿಗಿಯುವುದಿಲ್ಲ. ಹಾಡುವವರಿಗೆ ದೇಹವೇ ವಾದ್ಯವಾದ್ದರಿಂದ ಭಯ ನೇರವಾಗಿ ದನಿಗಿಳಿಯುತ್ತದೆ.

ಇಷ್ಟಾದ ಮೇಲೆ ನಾನು ಸಲಹೆಯನ್ನು ಎರಡು ದಾರಿಗಳಾಗಿ ಬೇರ್ಪಡಿಸಿದೆ. ಭಯ ಒಂದು ಸಮಸ್ಯೆ, ಕೌಶಲ ಇನ್ನೊಂದು. ಒಂದರ ಔಷಧ ಇನ್ನೊಂದಕ್ಕೆ ತಾಗದು. ತಿದ್ದಿಕೊಳ್ಳುವುದಕ್ಕೆ ದಿನಕ್ಕೆ ಹದಿನೈದು ನಿಮಿಷ ಮೀಸಲಿಡಬೇಕು, ಆ ಹೊತ್ತಿನಲ್ಲಿ ಎಷ್ಟು ನಿಷ್ಠುರವಾಗಿ ಬೇಕಾದರೂ ಪರೀಕ್ಷಿಸಿಕೊಳ್ಳಬಹುದು. ಆದರೆ ಹಾಡನ್ನು ಹಾಡಾಗಿ ಹಾಡುವ ಹೊತ್ತಿನಲ್ಲಿ, ಅದು ಒಂಟಿಯಾಗಿದ್ದಾಗಲೇ ಆಗಲಿ, ಏನು ತಪ್ಪಿದರೂ ನಿಲ್ಲಿಸದೆ, ಹಿಂದಕ್ಕೆ ಹೋಗದೆ, ಕೊನೆಯ ಸಾಲಿನವರೆಗೆ ಹೋಗಬೇಕು ಎಂಬುದು ಒಪ್ಪಂದವಾಯಿತು. ತಿದ್ದುವ ಅಭ್ಯಾಸವನ್ನೇ ಮಾಡಿದವರು ಜನರೆದುರು ತಿದ್ದುವುದನ್ನೇ ಮಾಡುತ್ತಾರೆ. ತಪ್ಪಿದ ಮೇಲೂ ಮುಂದುವರಿಯುವುದನ್ನು ಪ್ರತ್ಯೇಕವಾಗಿ ಅಭ್ಯಾಸ ಮಾಡಬೇಕಾಗುತ್ತದೆ.

ಕೌಶಲದ ದಾರಿಯಲ್ಲಿ ಮೊದಲ ವಾರವೇ ಒಂದು ಸಂಗತಿ ಹೊರಬಿತ್ತು. ಆಕೆ ಅಭ್ಯಾಸ ಮಾಡುತ್ತಿದ್ದ ಕರೋಕೆ ಟ್ರ್ಯಾಕ್‌ಗಳೆಲ್ಲ (ಗಾಯಕರ ದನಿಯಿಲ್ಲದ ಹಿನ್ನೆಲೆ ಸಂಗೀತ) ಮೂಲ ಗಾಯಕಿಯ ಶ್ರುತಿಯಲ್ಲಿದ್ದವು, ಮತ್ತು ಆ ಗಾಯಕಿಯ ದನಿ ಈಕೆಯದಕ್ಕಿಂತ ಬಹಳ ಎತ್ತರದ್ದು. ಸ್ವರ ಒಡೆಯುವುದೆಂಬ ಭಯದಲ್ಲಿ ಅರ್ಧದಷ್ಟು ನಿಜವೇ ಇತ್ತು! ಆತಂಕ ಹೇಳುವುದೆಲ್ಲ ಭ್ರಮೆಯೆಂದು ಹೊರಟ ಸಲಹೆಗಾರರು ಇಂಥಲ್ಲಿ ಸಲಹಾರ್ಥಿಯ ನಂಬಿಕೆ ಕಳೆದುಕೊಳ್ಳುತ್ತಾರೆ. ಶ್ರುತಿಯನ್ನು ಎರಡು-ಮೂರು ಅರ್ಧಸ್ವರ (ಹಾರ್ಮೋನಿಯಂನ ಪಕ್ಕಪಕ್ಕದ ಎರಡು ಕೀಲಿಗಳ ನಡುವಿನ ಅಂತರವೇ ಒಂದು ಅರ್ಧಸ್ವರ) ಇಳಿಸಿಕೊಂಡ ಮೇಲೆ ಅದೇ ಸಾಲು ಗಂಟಲಿಗೆ ಒತ್ತಡವಿಲ್ಲದೆ ಬಂತು. ತಮ್ಮ ಶ್ರುತಿಯನ್ನು ಅರಿಯದೆ ಇನ್ನೊಬ್ಬರ ಶ್ರುತಿಯಲ್ಲಿ ಸೋತು, ತಮಗೆ ಕಂಠವಿಲ್ಲವೆಂದು ತೀರ್ಮಾನಿಸಿದ ಹವ್ಯಾಸಿಗಳು ಎಷ್ಟು ಮಂದಿಯೋ.

ಮಿಕ್ಕದ್ದನ್ನು ಒಬ್ಬ ಸಂಗೀತ ಶಿಕ್ಷಕಿಗೆ ಒಪ್ಪಿಸಿದೆ. ಧ್ವನಿ ಸಂಸ್ಕರಣ ನನ್ನ ವಿದ್ಯೆಯಲ್ಲ. ಅವರು ಹಾಕಿಕೊಟ್ಟ ಪಾಠ ಸರಳವಾಗಿತ್ತು: ತುಟಿ ಮುಚ್ಚಿ ಗುನುಗುವುದು, ತುಟಿಗಳನ್ನು ಅದುರಿಸುತ್ತ ಸ್ವರ ಏರಿಳಿಸುವುದು, ಸಣ್ಣ ಕೊಳವೆಯೊಳಗೆ ಊದುತ್ತ ಸ್ವರ ಹಿಡಿಯುವುದು. ಬಾಯಿಯ ದಾರಿ ಅರೆಮುಚ್ಚಿದ್ದಾಗ ಹಿಂದಕ್ಕೊತ್ತುವ ಗಾಳಿಯಿಂದ ಧ್ವನಿತಂತುಗಳು ಕಡಿಮೆ ಘರ್ಷಣೆಯಲ್ಲಿ ಕಂಪಿಸುತ್ತವೆ. ಧ್ವನಿವಿಜ್ಞಾನಿ ಇಂಗೊ ಟಿಟ್ಸೆ ಇದನ್ನು ವಿಸ್ತಾರವಾಗಿ ಅಧ್ಯಯನ ಮಾಡಿದ್ದಾರೆ. ಜೊತೆಗೆ ಸ್ವರ ಎಷ್ಟು ಮೇಲೆ ಕೆಳಗಿದೆಯೆಂದು ತೋರಿಸುವ ಟ್ಯೂನರ್ ಆಪ್ ಎದುರಿಟ್ಟುಕೊಂಡು ಒಂದೊಂದೇ ಸ್ವರ ಹಿಡಿದು ನಿಲ್ಲಿಸುವುದು. "ನಾನು ಕೆಟ್ಟದಾಗಿ ಹಾಡುತ್ತೇನೆ" ಎಂಬ ಮಾತಿಗೆ ಉತ್ತರವಿಲ್ಲ, ಆದರೆ "ಈ ಸ್ವರ ಅರ್ಧಸ್ವರದ ಐದನೇ ಒಂದು ಪಾಲಿನಷ್ಟು ಕೆಳಗಿದೆ" ಎಂಬುದಕ್ಕೆ ಅಭ್ಯಾಸವೆಂಬ ಉತ್ತರವಿದೆ. ಅಂಕಿಗಳ ಜೊತೆ ಬಾಳುವ ಆಕೆಗೆ ಇದು ಒಗ್ಗಿತು. ಧ್ವನಿಮುದ್ರಣವನ್ನು ಹಾಡಿದ ದಿನವೇ ಕೇಳಬಾರದು, ಮರುದಿನ ಕೇಳಿ ಒಂದೇ ಒಂದು ದೋಷವನ್ನೂ ಚೆನ್ನಾಗಿ ಬಂದ ಒಂದು ಜಾಗವನ್ನೂ ಬರೆದುಕೊಳ್ಳಬೇಕು ಎಂಬುದು ನನ್ನ ಸೇರ್ಪಡೆ.

ಭಯದ ದಾರಿಯಲ್ಲಿ ಮೆಟ್ಟಿಲುಗಳನ್ನು ಆಕೆಯೇ ನಿರ್ಧರಿಸಿದರು: ಬಾಗಿಲು ತೆರೆದಿಟ್ಟು ಹಾಡುವುದು, ಧ್ವನಿಮುದ್ರಣವನ್ನು ಒಬ್ಬ ಗೆಳತಿಗೆ ಕಳಿಸುವುದು, ತಂಗಿಯ ಎದುರು ಹಾಡುವುದು, ತಂಡದಲ್ಲಿ ಒಂದು ಚರಣ, ಕೊನೆಗೆ ಇಡೀ ಹಾಡು. ಪ್ರತಿ ಮೆಟ್ಟಿಲಿನಲ್ಲೂ ಒಂದು ಸುರಕ್ಷತಾ ವರ್ತನೆಯನ್ನು ಕೈಬಿಡಬೇಕು. ಏನಾಗುತ್ತದೆಂದು ಮೊದಲೇ ಬರೆದಿಟ್ಟು, ಏನಾಯಿತೆಂದು ಆಮೇಲೆ ಬರೆಯಬೇಕು. ತಂಗಿಯ ಎದುರು ಹಾಡಿದಾಗ ತಂಗಿ ನಡುವೆ ಫೋನ್ ನೋಡಿದ್ದು ಕಂಡು ಸಲಹಾರ್ಥಿ ಎರಡು ವಾರ ಅಭ್ಯಾಸವನ್ನೇ ಬಿಟ್ಟರು. ಬೇಸರದಿಂದ ನೋಡಿದಳೆಂಬುದು ಅನುಮಾನವೋ ಸಾಕ್ಷ್ಯವೋ ಎಂದು ಕೇಳಿದೆ. ಅನುಮಾನವೆಂದು ಒಪ್ಪಿದರೂ ಅವರ ಮನಸ್ಸು ಒಪ್ಪಲಿಲ್ಲ. ತಂಗಿಯನ್ನೇ ಕೇಳಿದಾಗ, ನಿಜಕ್ಕೂ ಆ ಹಾಡು ತನಗೆ ಇಷ್ಟವಿಲ್ಲವೆಂಬ ಉತ್ತರ ಬಂತು. ವಿಚಿತ್ರವೆಂದರೆ ಸಲಹಾರ್ಥಿಗೆ ಸಮಾಧಾನವಾದದ್ದು ಇದರಿಂದಲೇ: ಕೇಳುಗರಿಗೆ ಹಾಡು ಹಿಡಿಸದಿರುವುದೂ ಒಂದು ಸಾಧಾರಣ ಸಂಗತಿಯಾಗಿತ್ತು.

ಒಮ್ಮೆ ಗೆಳತಿಯೆದುರು ಒಂದು ಸಾಲನ್ನು ಬೇಕೆಂದೇ ತಪ್ಪಾಗಿ ಹಾಡಿ ಬರುವಂತೆ ಹೇಳಿದೆ. ಗೆಳತಿ ಅದನ್ನು ಗಮನಿಸಲೇ ಇಲ್ಲ. ಇನ್ನೊಮ್ಮೆ ವೀಡಿಯೊ ಮಾಡಿಸಿ, ನೋಡುವ ಮೊದಲು ತಮ್ಮ ನಡುಕಕ್ಕೆ ಹತ್ತರಲ್ಲಿ ಎಷ್ಟು ಅಂಕವೆಂದು ಕೇಳಿದಾಗ ಒಂಬತ್ತು ಎಂದರು. ನೋಡಿದ ಮೇಲೆ ಮೂರು ಎಂದರು. ಒಳಗಿನ ಗಾಬರಿ ಹೊರಗೆ ಕಾಣುವುದಕ್ಕಿಂತ ಹೆಚ್ಚು ಕಾಣುತ್ತಿದೆಯೆಂದು ಜನ ಭಾವಿಸುತ್ತಾರೆಂಬುದನ್ನು ಮನೋವಿಜ್ಞಾನಿಗಳಾದ ಕೆನೆತ್ ಸಾವಿಟ್ಸ್ಕಿ ಮತ್ತು ಥಾಮಸ್ ಗಿಲೋವಿಚ್ 2003ರಲ್ಲಿ ಭಾಷಣಕಾರರ ಮೇಲೆ ನಡೆಸಿದ ಪ್ರಯೋಗಗಳಲ್ಲಿ ತೋರಿಸಿದ್ದಾರೆ. ಈ ವಿಷಯ ತಿಳಿದವರು ಮಾತನಾಡಿದ್ದೂ ಉತ್ತಮವಾಗಿತ್ತು.

ದೊಡ್ಡ ಗಾಯಕರಿಗೂ ಈ ಭಯವಿತ್ತೆಂಬ ಸಮಾಧಾನ ಎಲ್ಲರಿಗೂ ಒಗ್ಗುವುದಿಲ್ಲ. 1967ರಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್‌ನಲ್ಲಿ ಹಾಡಿನ ಸಾಲುಗಳನ್ನು ಮರೆತ ಅಮೆರಿಕದ ಗಾಯಕಿ ಬಾರ್ಬ್ರಾ ಸ್ಟ್ರೈಸಾಂಡ್ ದೀರ್ಘಕಾಲ ಸಾರ್ವಜನಿಕ ಕಾರ್ಯಕ್ರಮಗಳಿಂದ ಬಹುಮಟ್ಟಿಗೆ ದೂರವುಳಿದು, 1994ರಲ್ಲಿ ಮತ್ತೆ ಗಾಯನ ಪ್ರವಾಸ ಹೊರಟರೆಂದು ಹೇಳಿದಾಗ ಸಲಹಾರ್ಥಿ, "ಅವರಿಗೆ ಕಂಠವಾದರೂ ಇತ್ತು" ಎಂದು ಸುಮ್ಮನಾದರು. ಅದಕ್ಕಿಂತ ಕೆಲಸಕ್ಕೆ ಬಂದದ್ದು ಸಂಶೋಧಕಿ ಆಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ಪ್ರಕಟಿಸಿದ ಅಧ್ಯಯನ. ಅದರಲ್ಲಿ ಹಾಡುವ ಮೊದಲು "ನನಗೆ ಗಾಬರಿಯಾಗಿದೆ" ಎಂದವರಿಗಿಂತ "ನನಗೆ ಉತ್ಸಾಹವಾಗಿದೆ" ಎಂದು ಗಟ್ಟಿಯಾಗಿ ಹೇಳಿಕೊಂಡವರು ಕರೋಕೆಯಲ್ಲಿ ಹೆಚ್ಚು ನಿಖರವಾಗಿ ಹಾಡಿದರು. ಎರಡರಲ್ಲೂ ಎದೆ ಒಂದೇ ರೀತಿ ಬಡಿಯುತ್ತದೆ. ಅದನ್ನು ಶಾಂತಗೊಳಿಸಲು ಹೆಣಗುವುದಕ್ಕಿಂತ ಅದಕ್ಕೆ ಬೇರೆ ಅರ್ಥ ಕೊಡುವುದು ಸುಲಭ. ಸರದಿ ಬರುವ ಮೊದಲು ಉಸಿರನ್ನು ಒಳಕ್ಕೆಳೆದುದಕ್ಕಿಂತ ನಿಧಾನವಾಗಿ ಹೊರಬಿಡುವುದು, ಹಾಡುವಾಗ ಗಮನವನ್ನು ಗಂಟಲಿನಿಂದ ಸಾಹಿತ್ಯದ ಅರ್ಥಕ್ಕೆ ತಿರುಗಿಸುವುದು, ಇವಿಷ್ಟೇ ವೇದಿಕೆಯ ಮೇಲಿನ ಸೂಚನೆಗಳು.

ನಡುವೆ ಒಮ್ಮೆ, ಪರಿಚಿತರೊಬ್ಬರು ಹೇಳಿದ ಪ್ರೊಪ್ರನೊಲಾಲ್ ಮಾತ್ರೆಯ ಬಗ್ಗೆ ವಿಚಾರಿಸಿದರು. ಅದು ಎದೆಬಡಿತವನ್ನೂ ಕೈನಡುಕವನ್ನೂ ತಗ್ಗಿಸುವುದು ಹೌದು. ಆದರೆ ಅದನ್ನು ವೈದ್ಯರು ಬರೆದುಕೊಡದೆ ತೆಗೆದುಕೊಳ್ಳಬಾರದು, ಅದರಲ್ಲೂ ಉಬ್ಬಸ ಇರುವವರಿಗೆ ಅದು ಅಪಾಯಕಾರಿ. ಆಕೆಗೆ ಚಿಕ್ಕಂದಿನಲ್ಲಿ ಉಬ್ಬಸವಿತ್ತು. ಆ ಮಾತು ಅಲ್ಲಿಗೇ ನಿಂತಿತು.

ಕೆಲವು ತಿಂಗಳ ನಂತರ ಆಕೆ ತಂಡದ ಕೂಟದಲ್ಲಿ ಪೀಠಿಕೆಯಿಲ್ಲದೆ ಇಡೀ ಹಾಡು ಹಾಡಿದರು. ಎದೆ ಮೊದಲಿನಷ್ಟೇ ಬಡಿದುಕೊಂಡಿತಂತೆ, ಎರಡನೆಯ ಚರಣದಲ್ಲಿ ಒಂದು ಸಾಲು ಮರೆತು ಗುನುಗಿ ಮುಂದೆ ಸಾಗಿದರಂತೆ. ಭಯ ಹೋದ ಮೇಲೆ ಹಾಡುವುದೆಂಬ ಮೊದಲಿನ ಬೇಡಿಕೆಯನ್ನು ನೆನಪಿಸಿದಾಗ, ಈಗ ತಮ್ಮ ದೂರು ಬೇರೆಯೆಂದರು: ಉದ್ದದ ಸಾಲುಗಳ ಕೊನೆಯಲ್ಲಿ ಉಸಿರು ಸಾಲುತ್ತಿಲ್ಲ. ಅದು ಶಿಕ್ಷಕಿಗೆ ಒಯ್ಯಬೇಕಾದ ದೂರು ಎಂದು ತಿಳಿಸಿ ನಮ್ಮ ಭೇಟಿಗಳನ್ನು ಮುಗಿಸಿದೆವು. ಸರದಿಯ ವಾರ ಮತ್ತೆ ತಲೆನೋವಿನ ನೆಪ ಹುಡುಕುವಂತಾದರೆ, ಅಥವಾ ಈ ಅಳುಕು ಕೆಲಸದ ಸಭೆಗಳಿಗೂ ಹಬ್ಬಿದರೆ, ತಡಮಾಡದೆ ಬರಬೇಕೆಂದು ಹೇಳಿದ್ದೇನೆ.